ಹತ್ತು ಕಥೆ ಕೈಲಿವೆ, ಮೊದಲು ಯಾವ ಬಾಗಿಲು ತಟ್ಟೋದು?

ತುಮಕೂರಿನಲ್ಲಿ ಬರೆಯುವವರಿಗೇನೂ ಬರವಿಲ್ಲ. ಕಾಲೇಜು ಮೇಷ್ಟ್ರು, ಬ್ಯಾಂಕ್ ನೌಕರರು, ಶಿರಾ ಕಡೆಯಿಂದ ದಿನಾ ಬಸ್ಸಲ್ಲಿ ಓಡಾಡುವ ಹುಡುಗಿಯರು, ಪಾವಗಡದಲ್ಲಿ ಮನೆಯೊಳಗೆ ತೆಲುಗು ಆಡುತ್ತಾ ಕನ್ನಡದಲ್ಲಿ ಕವಿತೆ ಕಟ್ಟುವವರು, ಎಲ್ಲರ ಬ್ಯಾಗಲ್ಲೂ ಒಂದು ಫೈಲು ಇದ್ದೇ ಇರುತ್ತದೆ. ಕರಡು ತಿದ್ದುವುದು ನನ್ನ ಕೆಲಸ. ಹಾಗಾಗಿ ಅಂಥ ಫೈಲುಗಳು ನನ್ನ ಮೇಜಿಗೂ ಬರುತ್ತವೆ. ಜೊತೆಗೆ ಬರುವ ಪ್ರಶ್ನೆ ಯಾವಾಗಲೂ ಒಂದೇ: "ಪುಸ್ತಕ ಮಾಡಿಸೋಕೆ ಎಷ್ಟಾಗುತ್ತೆ?"

ದುಡ್ಡಿನ ಮಾತು ಆಮೇಲೆ ಆಡೋಣ. ಕೈಲಿ ಎಂಟು ಹತ್ತು ಕಥೆ ಇಟ್ಟುಕೊಂಡವರಿಗೆ ಇವತ್ತು ಐದು ದಾರಿಗಳಿವೆ. ಪತ್ರಿಕೆಗೆ ಕಳಿಸಬಹುದು. ಸ್ಪರ್ಧೆಗೆ ಹಾಕಬಹುದು. ಆ್ಯಪ್‌ನಲ್ಲೋ ವೆಬ್‌ನಲ್ಲೋ ಪ್ರಕಟಿಸಬಹುದು. ಪ್ರಕಾಶಕರನ್ನು ಹುಡುಕಬಹುದು. ಇಲ್ಲ, ಸ್ವಂತ ಖರ್ಚಿನಲ್ಲಿ ಪುಸ್ತಕ ಹಾಕಿಸಬಹುದು. ಯಾವುದರಲ್ಲಿ ಹೆಸರು ಬರುತ್ತೆ, ಯಾವುದು ಬೇಗ ಆಗುತ್ತೆ ಅಂತ ತೂಗಿ ನೋಡುವವರು ಜಾಸ್ತಿ. ನಾನು ಮೊದಲು ಕೇಳುವುದು ಇಷ್ಟೇ: ಈ ದಾರಿ ಹಿಡಿದ ಮೇಲೆ ಬೇರೆ ಯಾವ ದಾರಿ ಮುಚ್ಚಿಹೋಗುತ್ತದೆ?

ಯಾಕೆಂದರೆ ಈ ಐದೂ ಒಂದಕ್ಕೊಂದು ಸಂಬಂಧವಿಲ್ಲದ ದಾರಿಗಳಲ್ಲ. ಫೇಸ್‌ಬುಕ್ಕಿನಲ್ಲಿ ಹಾಕಿದ ಕಥೆಯನ್ನು ಬಹುಪಾಲು ಸ್ಪರ್ಧೆಗಳು ತೆಗೆದುಕೊಳ್ಳುವುದಿಲ್ಲ. ‘ಎಲ್ಲಿಯೂ ಪ್ರಕಟವಾಗಿರಬಾರದು’ ಎಂಬ ನಿಯಮದಲ್ಲಿ ಜಾಲತಾಣವೂ ಸೇರುತ್ತದೆ. ಒಂದು ಕಥಾಸಂಕಲನ ಸ್ವಂತವಾಗಿ ಹಾಕಿಸಿದ ದಿನದಿಂದ ನೀವು ‘ಮೊದಲ ಪುಸ್ತಕ’ದ ಬರಹಗಾರರಲ್ಲ. ಮೊದಲ ಪುಸ್ತಕಕ್ಕೆಂದೇ ಇರುವ ಸಹಾಯಧನ, ಹಸ್ತಪ್ರತಿ ಸ್ಪರ್ಧೆ ಎಲ್ಲಾ ಅಲ್ಲಿಗೆ ಮುಗಿಯಿತು. ಆದರೆ ಪತ್ರಿಕೆಯಲ್ಲಿ ಬಂದ ಕಥೆ ಆಮೇಲೆ ಪುಸ್ತಕಕ್ಕೂ ಸೇರುತ್ತದೆ, ವೆಬ್‌ಗೂ ಹೋಗುತ್ತದೆ. ಅದರಿಂದ ಕಳೆದುಕೊಳ್ಳುವುದು ತೀರಾ ಕಮ್ಮಿ. ಐದರಲ್ಲಿ ಯಾವುದು ಒಳ್ಳೆಯದು ಅನ್ನುವುದಕ್ಕಿಂತ ಯಾವುದು ಮೊದಲು, ಯಾವುದು ಕೊನೆಗೆ ಅನ್ನುವುದನ್ನು ತೀರ್ಮಾನಿಸಿದರೆ ಅರ್ಧ ಕೆಲಸ ಆದ ಹಾಗೆ.

ಪತ್ರಿಕೆ

ನನ್ನ ಓಟು ಮೊದಲು ಇಲ್ಲಿಗೆ. ‘ಮಯೂರ’, ‘ಸುಧಾ’, ‘ತರಂಗ’, ‘ತುಷಾರ’, ದಿನಪತ್ರಿಕೆಗಳ ಭಾನುವಾರದ ಪುರವಣಿಗಳು, ಇವೆಲ್ಲ ಹೊಸಬರ ಕಥೆಗಳನ್ನು ಹಾಕುತ್ತವೆ. ಪರಿಚಯದವರು ಬೇಕು, ಶಿಫಾರಸು ಬೇಕು ಅಂತ ನಮ್ಮ ಕಡೆ ಒಂದು ಮಾತಿದೆ. ಆದರೆ ಸಂಪಾದಕರಿಗೆ ಪ್ರತಿ ವಾರ ಪುಟ ತುಂಬಿಸಲೇಬೇಕು. ಚೆನ್ನಾಗಿರುವ ಕಥೆ ಸಿಕ್ಕರೆ ಅವರಿಗೇ ಮೊದಲು ಖುಷಿ. ಆ ಕಷ್ಟ ಅವರದು ಅನ್ನುವುದು ನೆನಪಿದ್ದರೆ ನಿಮ್ಮ ಅಳುಕು ಅಷ್ಟು ಕಮ್ಮಿಯಾಗುತ್ತದೆ.

ಕಳಿಸುವ ಮುಂಚೆ ಆ ಪತ್ರಿಕೆಯ ಹಿಂದಿನ ನಾಲ್ಕಾರು ಸಂಚಿಕೆ ಓದಿ. ಸುಮ್ನೆ ತಿರುವಿ ಹಾಕೋದಲ್ಲ. ಒಂದು ಕಥೆ ಎಷ್ಟು ಪದ ಇದೆ ಅಂತ ಎಣಿಸಿ ನೋಡಿ. ಪುರವಣಿಯ ಒಂದು ಪುಟದಲ್ಲಿ ಎರಡು ಸಾವಿರ ಪದ ದಾಟಿದ ಕಥೆ ಕೂರಿಸುವುದು ಕಷ್ಟ. ಅಲ್ಲಿಗೆ ನಾಲ್ಕು ಸಾವಿರ ಪದದ ಕಥೆ ಕಳಿಸಿ ಉತ್ತರ ಬರಲಿಲ್ಲ ಅಂತ ಬೇಜಾರು ಮಾಡಿಕೊಂಡರೆ ಏನು ಪ್ರಯೋಜನ? ಉದ್ದದ ಕಥೆಗೆ ಮಾಸಪತ್ರಿಕೆಯೇ ಸರಿಯಾದ ಜಾಗ.

ಇನ್ನೊಂದು ವಿಷಯವನ್ನು ನಮ್ಮೂರಿನ ಎಷ್ಟೋ ಜನ ಗಮನಿಸುವುದೇ ಇಲ್ಲ. ನೀವು ‘ನುಡಿ’ಯಲ್ಲೋ ‘ಬರಹ’ ತಂತ್ರಾಂಶದಲ್ಲೋ ಹಳೇ ಫಾಂಟ್ ಹಾಕಿ ಟೈಪ್ ಮಾಡಿರುತ್ತೀರಿ. ಅದನ್ನು ಎಲ್ಲ ಕಂಪ್ಯೂಟರಿನಲ್ಲೂ ಓದಲು ಬರುವ ಯೂನಿಕೋಡ್‌ಗೆ ಬದಲಾಯಿಸಿ ಮೇಲ್ ಮಾಡುತ್ತೀರಿ. ಬದಲಾಯಿಸುವಾಗ ಅರ್ಕಾವೊತ್ತು ಜಾಗ ತಪ್ಪುತ್ತದೆ. ‘ಕರ್ನಾಟಕ’ ಹೋಗಿ ‘ಕನಾರ್ಟಕ’ ಆಗುತ್ತದೆ, ‘ವರ್ಷ’ ಹೋಗಿ ‘ವಷರ್’ ಆಗುತ್ತದೆ. ಮೊದಲ ಪ್ಯಾರಾದಲ್ಲೇ ಇಂಥ ಮೂರು ಕಂಡರೆ ಓದುವವರಿಗೆ ಅದು ಫಾಂಟಿನ ತೊಂದರೆಯೋ ಬರೆದವರ ತೊಂದರೆಯೋ ಗೊತ್ತಾಗುವುದಿಲ್ಲ. ಅನುಮಾನ ಬರೆದವರ ಮೇಲೇ ಬರುತ್ತದೆ. ಸುಲಭದ ದಾರಿ ಎಂದರೆ ಶುರುವಿನಿಂದಲೇ ಯೂನಿಕೋಡ್‌ನಲ್ಲಿ ಟೈಪ್ ಮಾಡುವುದು. ಆಗಲೇ ಬರೆದಿಟ್ಟಿದ್ದು ಹಳೇ ಫಾಂಟಿನಲ್ಲಿದ್ದರೆ, ಬದಲಾಯಿಸಿದ ಮೇಲೆ ‘ರ್’ ಅಂತ ಹುಡುಕಿ ಒಂದೊಂದೇ ನೋಡಿ. ಬೇಜಾರಿನ ಕೆಲಸ, ಆದರೆ ಒಂದು ಸಂಜೆಯ ಕೆಲಸ ಅಷ್ಟೇ.

ಒಂದೇ ಕಥೆಯನ್ನು ಎರಡು ಪತ್ರಿಕೆಗೆ ಒಟ್ಟಿಗೆ ಕಳಿಸಬೇಡಿ. ಎರಡರಲ್ಲೂ ಬಂದುಬಿಟ್ಟರೆ ಎರಡೂ ಕಡೆ ನಿಮ್ಮ ಹೆಸರು ಕೆಡುತ್ತದೆ. ಮೂರು ನಾಲ್ಕು ತಿಂಗಳು ಕಾದು, ಒಂದು ಸಾಲಿನ ವಿನಯದ ಮೇಲ್ ಬರೆದು, ‘ಕಥೆಯನ್ನು ಹಿಂಪಡೆಯುತ್ತಿದ್ದೇನೆ’ ಅಂತ ಹೇಳಿ ಬೇರೆಡೆ ಕಳಿಸಿ. ಸಂಭಾವನೆ ದೊಡ್ಡದೇನೂ ಇರುವುದಿಲ್ಲ. ಈ ದಾರಿಯ ಲಾಭ ಇರುವುದು ಬೇರೆ ಕಡೆ: ನಿಮ್ಮ ನೆಂಟರಲ್ಲದ, ಸ್ನೇಹಿತರಲ್ಲದ ಒಬ್ಬರು ಓದಿ ‘ಬೇಡ’ ಅನ್ನಬಹುದಾದ ಜಾಗ ಇದು. ಸ್ವಂತ ಖರ್ಚಿನ ಪುಸ್ತಕಕ್ಕೆ ಹಾಗೆ ಹೇಳುವವರು ಯಾರೂ ಇಲ್ಲ.

ಊರಿನ ಪತ್ರಿಕೆಗಳನ್ನೂ ಕಡೆಗಣಿಸಬೇಡಿ. ತುಮಕೂರಿಗೆ ‘ಪ್ರಜಾಪ್ರಗತಿ’ಯಂಥ ತನ್ನದೇ ದಿನಪತ್ರಿಕೆ ಇದೆ. ಇಲ್ಲಿಯ ಕೆರೆ, ಸಂತೆ, ಜಾತ್ರೆ, ಕೊಬ್ಬರಿ ಬೆಲೆ, ಇಂಥದರ ಬಗ್ಗೆ ನಾನೂರು ಪದದ ಚಿಕ್ಕ ಬರಹ ಬರೆದು ನೋಡಿ. ಜಾಗ ಕಮ್ಮಿ, ಗಡುವು ಹತ್ತಿರ. ವಾಕ್ಯ ಚುರುಕಾಗುವುದಕ್ಕೆ ಇದಕ್ಕಿಂತ ಒಳ್ಳೇ ಪಾಠ ನನಗೆ ಗೊತ್ತಿಲ್ಲ. ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿ ವ್ಯಾಪಾರದ ಮಾತುಕತೆ ಕೇಳಿ ಬರೆದವರಿಗೆ ಕಥೆಯಲ್ಲಿ ಮಾತುಕತೆ ತರೋದು ಹೇಳಿಕೊಡಬೇಕಾಗಿಲ್ಲ.

ಸ್ಪರ್ಧೆ

ಪ್ರಜಾವಾಣಿಯ ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆ ಎಲ್ಲರಿಗೂ ಗೊತ್ತು. ಬುಕ್ ಬ್ರಹ್ಮ ಜಾಲತಾಣದವರು ಸ್ವಾತಂತ್ರ್ಯೋತ್ಸವದ ಹೊತ್ತಿಗೆ ಕಥೆ, ಕಾದಂಬರಿ ಸ್ಪರ್ಧೆ ನಡೆಸುತ್ತಾರೆ. ‘ಛಂದ ಪುಸ್ತಕ’ ಪ್ರಕಾಶನದ ಹಸ್ತಪ್ರತಿ ಸ್ಪರ್ಧೆ ಇನ್ನೂ ಬೇರೆ ಥರ. ಅದು ಒಂದು ಕಥೆಗಲ್ಲ, ಇಡೀ ಸಂಕಲನಕ್ಕೆ. ಇನ್ನೂ ಕಥಾಸಂಕಲನ ತರದವರಿಗೆ ಮಾತ್ರ. ಗೆದ್ದರೆ ಪುಸ್ತಕವನ್ನು ಅವರೇ ಪ್ರಕಟಿಸುತ್ತಾರೆ. ಮೇಲೆ ಹೇಳಿದ ಮುಚ್ಚುವ ಬಾಗಿಲಿಗೆ ಇದಕ್ಕಿಂತ ಒಳ್ಳೇ ಉದಾಹರಣೆ ಬೇಕಾ? ಹೋದ ವರ್ಷ ಅವಸರ ಪಟ್ಟು ಒಂದು ಸಂಕಲನ ಹಾಕಿಸಿದವರು ಈ ವರ್ಷ ಎಷ್ಟೇ ಚೆನ್ನಾಗಿ ಬರೆದರೂ ಇದಕ್ಕೆ ಕಳಿಸುವ ಹಾಗಿಲ್ಲ.

ಸ್ಪರ್ಧೆಯ ತೊಂದರೆ ಏನೆಂದರೆ, ಸೋತರೆ ಯಾಕೆ ಸೋತಿರಿ ಅಂತ ಯಾರೂ ಹೇಳುವುದಿಲ್ಲ. ಹಾಗಾಗಿ ಅದನ್ನೇ ನೆಚ್ಚಿಕೊಂಡು ವರ್ಷಕ್ಕೊಂದು ಕಥೆ ಬರೆಯುವುದು ನನಗೆ ಸರಿ ಕಾಣುವುದಿಲ್ಲ. ನಿಯಮಗಳನ್ನು ಕೊನೆಯ ಸಾಲಿನವರೆಗೂ ಓದಿ. ಕಥೆಯ ಪುಟದ ಮೇಲೆ ಹೆಸರು ಇರಬಾರದು ಅಂತ ಇದ್ದರೆ ಫೈಲಿನ ಹೆಸರಿನಲ್ಲೂ ಇರಬಾರದು. ‘ಬಂದ ಎಲ್ಲ ಕಥೆಗಳ ಹಕ್ಕೂ ನಮ್ಮದು’ ಅಂತ ಬರೆದಿದ್ದರೆ ಆ ಕಡೆ ತಲೆ ಹಾಕಬೇಡಿ. ಬಹುಮಾನ ಬಂದ ಕಥೆಯನ್ನು ಪ್ರಕಟಿಸುವ ಹಕ್ಕು ಕೇಳುವುದು ಸರಿ, ಸೋತವರದ್ದನ್ನೂ ಕೇಳುವುದು ಎಲ್ಲಿಯ ನ್ಯಾಯ?

ವಾಟ್ಸಾಪ್ ಗುಂಪುಗಳಲ್ಲಿ ಬರುವ ಇನ್ನೊಂದು ಜಾತಿ ಇದೆ. ಐನೂರು ರೂಪಾಯಿ ಕಳಿಸಿ, ನಿಮ್ಮ ಕವಿತೆ ಸಂಕಲನದಲ್ಲಿ ಬರುತ್ತೆ, ಜೊತೆಗೆ ಬಣ್ಣದ ಪ್ರಮಾಣಪತ್ರ. ಆ ಐನೂರಕ್ಕೆ ಎರಡು ಮೂರು ಒಳ್ಳೇ ಪುಸ್ತಕ ಬರುತ್ತವೆ.

ಆ್ಯಪ್, ವೆಬ್

ಇಲ್ಲಿ ಎರಡನ್ನು ಬೇರೆ ಬೇರೆ ನೋಡಬೇಕು. ‘ಕೆಂಡಸಂಪಿಗೆ’, ‘ಅವಧಿ’ಯಂಥ ಜಾಲತಾಣಗಳಲ್ಲಿ ಸಂಪಾದಕರಿದ್ದಾರೆ. ಅವರು ಆರಿಸಿ ಹಾಕುತ್ತಾರೆ. ಹಾಗಾಗಿ ಅವನ್ನು ಪತ್ರಿಕೆಯ ಸಾಲಿಗೇ ಸೇರಿಸುತ್ತೇನೆ. ‘ಪ್ರತಿಲಿಪಿ’ಯಂಥ ಆ್ಯಪ್‌ನಲ್ಲಿ ನೀವೇ ಹಾಕಿಕೊಳ್ಳುತ್ತೀರಿ, ಆ ಕ್ಷಣವೇ ಓದುಗರು ಬರುತ್ತಾರೆ.

ಧಾರಾವಾಹಿ ಬರೆಯುವವರಿಗೆ ಆ್ಯಪ್ ನಿಜಕ್ಕೂ ಒಳ್ಳೆಯದು. ಪ್ರೇಮಕಥೆ, ಪತ್ತೇದಾರಿ, ಸಂಸಾರದ ಕಥೆ, ಇಂಥವನ್ನು ವಾರಕ್ಕೆ ಮೂರು ಕಂತು ಬರೆಯಬಲ್ಲವರು ನೇರವಾಗಿ ಅಲ್ಲಿಗೇ ಹೋಗಲಿ. ಯಾವ ಕಂತಿನಲ್ಲಿ ಓದುಗರು ಬಿಟ್ಟುಹೋದರು ಅನ್ನುವುದು ಅಂಕಿಯಲ್ಲೇ ಕಾಣುತ್ತದೆ. ಐದನೇ ಕಂತಿಗೆ ಇದ್ದ ಓದುಗರಲ್ಲಿ ಅರ್ಧ ಜನ ಆರನೆಯದಕ್ಕೆ ಇಲ್ಲ ಅಂದರೆ ಐದರ ಕೊನೆಯಲ್ಲಿ ಏನೋ ಸಡಿಲಾಗಿದೆ ಅಂತಲೇ ಅರ್ಥ. ಪತ್ರಿಕೆ ಇದನ್ನು ನಿಮಗೆ ಯಾವತ್ತೂ ಹೇಳುವುದಿಲ್ಲ. ಓದುಗರು ಜಾಸ್ತಿಯಾದ ಮೇಲೆ ಅಷ್ಟೋ ಇಷ್ಟೋ ಹಣವೂ ಬರಬಹುದು.

ಸಣ್ಣಕಥೆಯವರಿಗೆ ನಾನು ಹೇಳುವುದು ಬೇರೆ. ನಿಮ್ಮ ಹತ್ತರಲ್ಲಿ ಒಳ್ಳೆಯ ಐದನ್ನು ಎತ್ತಿಡಿ, ಪತ್ರಿಕೆಗೂ ಸ್ಪರ್ಧೆಗೂ. ಉಳಿದದ್ದರಲ್ಲಿ ಒಂದೆರಡನ್ನು ಆ್ಯಪ್‌ನಲ್ಲಿ ಹಾಕಿ ನೋಡಿ. ‘ಸೂಪರ್’, ‘ಮುಂದಿನ ಭಾಗ ಯಾವಾಗ’ ಅನ್ನುವ ಕಾಮೆಂಟುಗಳು ಹುಮ್ಮಸ್ಸು ಕೊಡುತ್ತವೆ, ಅಲ್ವಾ? ಕೊಡಲಿ. ಅದನ್ನು ವಿಮರ್ಶೆ ಅಂತ ಮಾತ್ರ ತಿಳಿಯಬೇಡಿ.

ಪ್ರಕಾಶಕರು

ನಾಲ್ಕೈದು ಕಥೆ ಪತ್ರಿಕೆಯಲ್ಲಿ ಬಂದ ಮೇಲೆ ಈ ಬಾಗಿಲು ತಟ್ಟಿ. ‘ಈ ಕಥೆಗಳು ಇಂತಿಂಥ ಕಡೆ ಪ್ರಕಟವಾಗಿವೆ’ ಎಂಬ ಒಂದು ಪ್ಯಾರಾ ನಿಮ್ಮ ಪತ್ರದಲ್ಲಿ ಇದ್ದರೆ ನಿಮ್ಮ ಫೈಲು ತೆರೆಯುವ ಸಾಧ್ಯತೆ ಹೆಚ್ಚು. ಕಥೆ, ಕಾದಂಬರಿ, ಪ್ರಬಂಧಕ್ಕೆ ಪ್ರಕಾಶಕರು ಸಿಗುತ್ತಾರೆ. ಕವನ ಸಂಕಲನಕ್ಕೆ ಕಷ್ಟ, ಅದನ್ನು ಮುಚ್ಚಿಡುವುದಕ್ಕೇನಿದೆ.

ಗೌರವಧನ ಸಾಮಾನ್ಯವಾಗಿ ಮುಖಬೆಲೆಯ ಶೇಕಡಾ 10ರ ಆಸುಪಾಸು. 150 ರೂಪಾಯಿಯ ಪುಸ್ತಕ 500 ಪ್ರತಿ ಪೂರ್ತಿ ಮಾರಾಟವಾದರೆ 7,500 ರೂಪಾಯಿ. ಎಷ್ಟೋ ಸಲ ಹೊಸಬರಿಗೆ ಇದರ ಬದಲು ಪ್ರತಿಗಳನ್ನೇ ಕೊಡುತ್ತಾರೆ. ಇದು ಕಮ್ಮಿ ಅನ್ನಿಸಬಹುದು. ಆದರೆ ನಿಮ್ಮ ಕೈಯಿಂದ ಒಂದು ರೂಪಾಯಿಯೂ ಹೋಗಿಲ್ಲ, ಪುಸ್ತಕ ಬೆಂಗಳೂರು, ಧಾರವಾಡ, ಮೈಸೂರಿನ ಅಂಗಡಿಗಳನ್ನು ತಲುಪುತ್ತದೆ. ತುಮಕೂರಿನ ಮನೆಯಲ್ಲಿ ಕೂತು ನೀವು ಅದನ್ನು ಮಾಡಲಾರಿರಿ.

ಒಪ್ಪಂದದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ಇಲ್ಲಿ ಹೊಸಬರು ಕಣ್ಣು ಮುಚ್ಚಿ ಸಹಿ ಹಾಕುತ್ತಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ನೀವು ಬರೆದ ಕೂಡಲೇ ಹಕ್ಕು ನಿಮ್ಮದು. ನೋಂದಣಿ ಮಾಡಿಸಲೇಬೇಕು ಅಂತಿಲ್ಲ. ಆ ಹಕ್ಕು ನಿಮ್ಮ ಜೀವಿತಾವಧಿ ಪೂರ್ತಿ, ಆಮೇಲೆ ಇನ್ನೂ 60 ವರ್ಷ ಇರುತ್ತದೆ. ಅದನ್ನು ಬೇರೆಯವರಿಗೆ ವಹಿಸಿಕೊಡುವುದು ಬರಹದಲ್ಲೇ ಆಗಬೇಕು, ಸಹಿ ಇರಬೇಕು. ಬಾಯಿಮಾತು ನಡೆಯೋಲ್ಲ. ಎಷ್ಟು ವರ್ಷಕ್ಕೆ ಅಂತ ಒಪ್ಪಂದದಲ್ಲಿ ಬರೆಯದಿದ್ದರೆ ಕಾನೂನು ಅದನ್ನು ಐದು ವರ್ಷ ಅಂತ ತಿಳಿಯುತ್ತದೆ. ಯಾವ ಪ್ರದೇಶಕ್ಕೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಹಾಗಿದ್ದರೆ ನೀವು ಹುಷಾರಾಗಿ ನೋಡಬೇಕಾದ್ದು ಬರೆದಿರುವ ಸಾಲುಗಳನ್ನು. ‘ಶಾಶ್ವತವಾಗಿ’, ‘ಎಲ್ಲಾ ಮಾಧ್ಯಮಗಳಲ್ಲಿ’ ಅನ್ನುವ ಪದಗಳು ಕಂಡರೆ ಪೆನ್ನು ಕೆಳಗಿಡಿ. ಮುದ್ರಣದ ಹಕ್ಕು ಬೇರೆ, ಇ-ಬುಕ್ ಬೇರೆ, ಆಡಿಯೊ ಬೇರೆ, ಸಿನಿಮಾ ಬೇರೆ. ‘ಮುದ್ರಣಕ್ಕೆ ಮಾತ್ರ, ಐದು ವರ್ಷ’ ಅಂತ ಕೇಳಿ. ಒಳ್ಳೇ ಪ್ರಕಾಶಕರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ಸಹಾಯಧನವನ್ನು ಇದರ ಜೊತೆಗೇ ನೋಡಬೇಕು. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ಹಸ್ತಪ್ರತಿ ಕಳಿಸಬೇಕು, ಆಯ್ಕೆ ಸಮಿತಿ ಓದುತ್ತದೆ. ವಯಸ್ಸಿನ ಮಿತಿ, ಪುಟದ ಲೆಕ್ಕ, ಕೊನೆಯ ದಿನಾಂಕ ಆಯಾ ವರ್ಷದ ಪ್ರಕಟಣೆಯಲ್ಲಿ ಇರುತ್ತವೆ. ಕವಿತೆ ಬರೆಯುವವರು ಪ್ರಕಾಶಕರ ಹಿಂದೆ ಅಲೆಯುವ ಮುಂಚೆ ಇದನ್ನು ನೋಡಲಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಸ್ವಂತ ಖರ್ಚು

ಈಗ ಆ ಪ್ರಶ್ನೆಗೆ ಬರೋಣ, ಎಷ್ಟಾಗುತ್ತೆ?

ಪುಸ್ತಕ ಮುದ್ರಣ ಫಾರಂ ಲೆಕ್ಕದಲ್ಲಿ ನಡೆಯುತ್ತದೆ. ಡೆಮಿ ಅಷ್ಟದಳದಲ್ಲಿ (ಸಾಮಾನ್ಯ ಕಥೆಪುಸ್ತಕದ ಅಳತೆ) 16 ಪುಟಕ್ಕೆ ಒಂದು ಫಾರಂ. ಹಾಗಾಗಿ 128 ಪುಟ ಎಂಟು ಫಾರಂಗೆ ಸರಿಯಾಗಿ ಕೂರುತ್ತದೆ. 131 ಪುಟ ಆದರೆ ಮೂರು ಪುಟಕ್ಕಾಗಿ ಖರ್ಚು ಏರುತ್ತದೆ, ಕೊನೆಯಲ್ಲಿ ಖಾಲಿ ಹಾಳೆ ಉಳಿಯುತ್ತದೆ. ಬೇಡದ ಮುನ್ನುಡಿ, ಹಿನ್ನುಡಿ, ಶುಭನುಡಿ, ಬೆನ್ನುಡಿ ಎಲ್ಲಾ ಸೇರಿಸುವ ಮುಂಚೆ ಈ ಲೆಕ್ಕ ಹಾಕಿ. ಇನ್ನು ಆಫ್‌ಸೆಟ್‌ನಲ್ಲಿ ಅಚ್ಚಿಗೆ ಬೇಕಾದ ಪ್ಲೇಟು ಮಾಡಿಸುವ ಖರ್ಚು ಮೊದಲೇ ಬೀಳುತ್ತದೆ. ಪ್ರತಿ ಜಾಸ್ತಿಯಾದಷ್ಟೂ ಒಂದೊಂದಕ್ಕೆ ತಗಲುವ ಖರ್ಚು ಇಳಿಯುತ್ತದೆ. ಡಿಜಿಟಲ್ ಮುದ್ರಣದಲ್ಲಿ ಪ್ಲೇಟಿಲ್ಲ, 50 ಪ್ರತಿಯನ್ನೂ ಹಾಕಿಸಬಹುದು. ‘ಸಾವಿರ ಹಾಕಿಸಿ, ಅಗ್ಗ ಬೀಳುತ್ತೆ’ ಅನ್ನುವ ಮಾತು ಲೆಕ್ಕದಲ್ಲಿ ನಿಜ. ಆ ಸಾವಿರದಲ್ಲಿ ಏಳುನೂರು ಅಟ್ಟದ ಮೇಲೆ ಕೂತರೆ ಅಗ್ಗ ಎಲ್ಲಿ ಬಂತು?

ಒಂದು ಅಂದಾಜು ಮಾಡೋಣ. ಪ್ರತಿಗೆ 80 ರೂಪಾಯಿ ಬಿತ್ತು, 500 ಪ್ರತಿ ಹಾಕಿಸಿದಿರಿ ಅಂತ ಇಟ್ಟುಕೊಳ್ಳಿ. 40,000 ರೂಪಾಯಿ ಹೋಯಿತು. ಮುಖಬೆಲೆ 150. ಅಂಗಡಿಯವರಿಗೆ ಶೇಕಡಾ 40 ಬಿಟ್ಟರೆ ನಿಮ್ಮ ಕೈಗೆ ಪ್ರತಿಗೆ 90 ರೂಪಾಯಿ. ಬಿಡುಗಡೆಯ ದಿನ ಅತಿಥಿಗಳಿಗೆ, ನೆಂಟರಿಗೆ, ಮೇಷ್ಟ್ರುಗಳಿಗೆ ನೂರು ಪ್ರತಿ ಹಾಗೇ ಹೋಗುತ್ತವೆ, ಅದನ್ನು ತಡೆಯೋಕಾಗಲ್ಲ. ಉಳಿದ 400 ಒಂದೂ ಬಿಡದೆ ಮಾರಾಟವಾದರೂ ಬರುವುದು 36,000. ಕನ್ನಡ ಭವನದಲ್ಲಿ ಕಾರ್ಯಕ್ರಮ ಇಟ್ಟುಕೊಂಡರೆ ಬ್ಯಾನರು, ಹಾರ, ಶಾಲು, ತಿಂಡಿ ಕಾಫಿ ಖರ್ಚು ಬೇರೆ. ನಾನು ಸಮಾರಂಭದ ವಿರೋಧಿ ಏನಲ್ಲ. ಶಾಲಿಗೆ ಖರ್ಚು ಮಾಡುವ ದುಡ್ಡಲ್ಲಿ ಅರ್ಧವನ್ನು ಒಬ್ಬ ಒಳ್ಳೇ ಸಂಪಾದಕರಿಗೆ ಕೊಟ್ಟು ಹಸ್ತಪ್ರತಿ ತಿದ್ದಿಸಿ ಅಂತ ಮಾತ್ರ ಹೇಳುತ್ತೇನೆ. (ಕರಡು ತಿದ್ದುವವರು ಹೀಗೇ ಹೇಳುವುದು ಅಂತ ನಗಬಹುದು. ನಗಿ.)

ಗ್ರಂಥಾಲಯ ಇಲಾಖೆಯ ಏಕಗವಾಕ್ಷಿ ಖರೀದಿಯಲ್ಲಿ (ಸಾರ್ವಜನಿಕ ಗ್ರಂಥಾಲಯಗಳಿಗೆ ಒಟ್ಟಿಗೆ ಕೊಳ್ಳುವುದು) ಆಯ್ಕೆಯಾದರೆ ಸಾಮಾನ್ಯವಾಗಿ 300 ಪ್ರತಿ ಹೋಗುತ್ತವೆ. ಹಾಕಿದ ದುಡ್ಡು ಬರುವ ಮುಖ್ಯ ದಾರಿ ಇದೇ ಅಂತ ಎಲ್ಲರೂ ನಂಬುತ್ತಾರೆ. ಅರ್ಜಿ ಹಾಕಿ, ಖಂಡಿತ ಹಾಕಿ. ಆ ನಂಬಿಕೆಯ ಮೇಲೆ ಸಾಲ ಮಾತ್ರ ಮಾಡಬೇಡಿ, ಯಾಕೆಂದರೆ ಆಯ್ಕೆ ನಿಮ್ಮ ಕೈಲಿಲ್ಲ.

ಸ್ವಂತವಾಗಿ ಹಾಕಿಸಿದರೆ ಪ್ರಕಾಶಕರು ನೀವೇ. ಅಂದಮೇಲೆ ಆ ಕೆಲಸಗಳೂ ನಿಮ್ಮವೇ. ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್‌ಗೆ ಭಾರತದಲ್ಲಿ ಶುಲ್ಕವಿಲ್ಲ. ರಾಜಾ ರಾಮಮೋಹನ್ ರಾಯ್ ಹೆಸರಿನ ರಾಷ್ಟ್ರೀಯ ಸಂಸ್ಥೆ ಅದನ್ನು ಉಚಿತವಾಗಿ ಕೊಡುತ್ತದೆ. ಅದಕ್ಕೆ ದುಡ್ಡು ಕೇಳುವವರು ಅರ್ಜಿ ತುಂಬಿದ ಕೂಲಿ ಕೇಳುತ್ತಿದ್ದಾರೆ ಅಷ್ಟೇ. 1954ರ ಕಾಯ್ದೆಯಂತೆ ಪುಸ್ತಕ ಬಂದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಮೂರು ಗ್ರಂಥಾಲಯಕ್ಕೂ ಒಂದೊಂದು ಪ್ರತಿ ಕಳಿಸಬೇಕು. ಪ್ರೆಸ್ ಆರಿಸುವಾಗ ಅವರು ಹಿಂದೆ ಮಾಡಿದ ಒಂದು ಪುಸ್ತಕವನ್ನು ಕೇಳಿ ತೆಗೆದುಕೊಳ್ಳಿ. ಮಧ್ಯದಲ್ಲಿ ಅಗಲವಾಗಿ ತೆರೆದು ಬೆನ್ನು ಒತ್ತಿ ನೋಡಿ. ಹಾಳೆ ಕಿತ್ತು ಬಂದರೆ ಅಂಟು ಸರಿಯಿಲ್ಲ. ಹಿಂದಿನ ಪುಟದ ಅಕ್ಷರ ಮುಂದೆ ಕಾಣುತ್ತಿದ್ದರೆ ಕಾಗದ ತೆಳು. ಲಗ್ನಪತ್ರಿಕೆ ಚೆನ್ನಾಗಿ ಮಾಡುವವರೆಲ್ಲ ಪುಸ್ತಕವನ್ನೂ ಚೆನ್ನಾಗಿ ಮಾಡುತ್ತಾರೆ ಅಂತೇನಿಲ್ಲ. ಬೆಂಗಳೂರು 70 ಕಿಲೋಮೀಟರ್, ಒಂದು ಸಲ ಹೋಗಿ ದರ ಹೋಲಿಸಿ ಬನ್ನಿ.

ಕೆಲಸ ಬಿಟ್ಟು ಬರೆಯಲಾ ಅಂತ ಕೇಳುವವರೂ ಇದ್ದಾರೆ. ಮೇಲಿನ 7,500ರ ಲೆಕ್ಕ ನೋಡಿದಿರಲ್ಲ, ಇನ್ನೇನು ಹೇಳಲಿ. ಕೋಲಾರ ಜಿಲ್ಲೆಯ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಮೈಸೂರು ಸರ್ಕಾರದ ದೊಡ್ಡ ಹುದ್ದೆಗಳಲ್ಲಿ ಇದ್ದುಕೊಂಡೇ ಕಥೆ ಬರೆದವರು. ಜ್ಞಾನಪೀಠ ಬಂದದ್ದು 1983ರಲ್ಲಿ, ತೊಂಬತ್ತು ದಾಟಿದ ಮೇಲೆ. ಬೆಳಗ್ಗೆ ಒಂದು ಗಂಟೆ ನಿಮಗೆ ಅಂತ ಸಿಕ್ಕರೆ ಸಾಕು.

ಇಷ್ಟೆಲ್ಲ ಹೇಳಿದರೂ, ಈ ಸರದಿ ಯಾವುದೂ ಬೇಡದವರು ಒಬ್ಬರಿದ್ದಾರೆ. ನಿವೃತ್ತರಾಗಿ, ತಮ್ಮ ಊರಿನ ಕಥೆ, ಮನೆತನದ ಕಥೆ, ಕಂಡ ಬರಗಾಲದ ನೆನಪು ಬರೆದಿಟ್ಟವರು. ಅವರ ಓದುಗರು ಯಾರು ಅಂತ ಅವರಿಗೆ ಮೊದಲೇ ಗೊತ್ತು: ಮಕ್ಕಳು, ಮೊಮ್ಮಕ್ಕಳು, ಊರಿನ ಹತ್ತು ಮನೆ. ಸ್ಪರ್ಧೆಯೂ ಬೇಡ, ಸಂಪಾದಕರ ಉತ್ತರಕ್ಕೆ ಕಾಯುವುದೂ ಬೇಡ. ಅಂಥವರು ನೇರವಾಗಿ ಡಿಜಿಟಲ್ ಪ್ರೆಸ್ಸಿಗೆ ಹೋಗಿ ನೂರು ಪ್ರತಿ ಹಾಕಿಸಿ. ಅಕ್ಷರ ಸ್ವಲ್ಪ ದಪ್ಪ ಇರಲಿ. ಹಳೇ ಫೋಟೊಗಳನ್ನು ಮಾತ್ರ ವಾಟ್ಸಾಪ್‌ನಲ್ಲಿ ಕಳಿಸಬೇಡಿ, ಅದು ಕುಗ್ಗಿಸಿಬಿಡುತ್ತದೆ. ಮೂಲ ಫೋಟೊವನ್ನೇ ಅಂಗಡಿಗೆ ಒಯ್ದು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ, ಯಾರ್ಯಾರು ನಿಂತಿದ್ದಾರೆ ಅಂತ ಎಡದಿಂದ ಬಲಕ್ಕೆ ಹೆಸರು ಬರೆಸಿ.